ಕೊನೆಯ ಕೆಂಪು ಗೂಟ

ಹನ್ನೊಂದು ವರ್ಷ ಡೆಲ್ಫೀನಾ ನ್ಯಾಂತುಂಬು
ಮಂಡಿಯೂರಿಯೇ ನೆಲ ದಾಟಿದವಳು.
ಮುಖಕ್ಕೆ ದಪ್ಪ ಗಾಜು, ಮೈಗೆ ಕವಚ,
ಮುಂದೆ ಒಂದು ಮೀಟರಿನ ಓಣಿ,
ಆಚೀಚೆ ದಾರ.
ದಾರದಾಚೆಯದು ದೇವರಿಗೂ ಗೊತ್ತಿಲ್ಲ.

ಯಂತ್ರ ಕುಂಯ್ ಅಂದರೆ ನಿಲ್ಲಬೇಕು.
ಕಡ್ಡಿಯನ್ನು ಓರೆಯಾಗಿ ಇಳಿಸಿ, ಕುಂಚದಲ್ಲಿ ಮರಳು ಸರಿಸಿ
ಅರ್ಧ ಗಂಟೆ ಕೆದಕಿದ ಮೇಲೆ
ಬಿಯರ್ ಬಾಟಲಿಯ ಮುಚ್ಚಳ.
ಮತ್ತೆ ಕುಂಯ್. ತುಕ್ಕು ಮೊಳೆ.
ಮತ್ತೆ ಕುಂಯ್. ಮೀನಿನ ಡಬ್ಬಿಯ ತುಂಡು,
ಯಾವ ಸಿಪಾಯಿ ಯಾವ ಸಂಜೆ ಉಂಡದ್ದೋ.
ನೂರಕ್ಕೆ ತೊಂಬತ್ತೊಂಬತ್ತು ಕಸವೇ.
ಆ ಕಸಕ್ಕೆಲ್ಲ
ನೆಲಬಾಂಬಿಗೆ ಕೊಡುವಷ್ಟೇ ಮರ್ಯಾದೆ ಕೊಟ್ಟು
ಬದುಕಿದ್ದಾಳೆ.

ಇವತ್ತು ಇನ್ಯಾಂಬಾನೆ ಸೀಮೆಯ ಕಟ್ಟಕಡೆಯ ಹೊಲದಂಚಿಗೆ
ಗೋಡಂಬಿ ಮರದಿಂದ ಮರಕ್ಕೆ ನೀಲಿ ಟಾರ್ಪಾಲು.
ರಾಜಧಾನಿಯಿಂದ ಬಂದ ಅಧಿಕಾರಿ
ಟೈ ಸಡಿಲಿಸಿ, ಬೆವರೊರೆಸಿ, "ಗೆದ್ದೆವು" ಅಂದ.
ಚಪ್ಪಾಳೆ.
ಮೈಕು ಬಂದಾದ ಮೇಲೆ ಮೇಸ್ತ್ರಿ ಆರ್ಮಿಂದು ಗ್ವಾಂಬೆ
ಪಟ್ಟಿ ನೋಡುತ್ತ, ಯಾರ ಮುಖವನ್ನೂ ನೋಡದೆ,
"ಬೂಟು, ಕವಚ ಶನಿವಾರದೊಳಗೆ ಒಪ್ಪಿಸಿ" ಅಂದ.
ಹಬ್ಬಕ್ಕೂ ಸೂತಕಕ್ಕೂ ಒಂದೇ ಟಾರ್ಪಾಲು.

"ಗೆದ್ದವರ ಸಂಬಳ ನಿಲ್ಲಿಸುವ ಯುದ್ಧ
ಇದೊಂದೇ ನೋಡು," ಡ್ರೈವರ್ ಎವರಿಷ್ಟು ನಕ್ಕ.
ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕರು.
ಅಷ್ಟರಲ್ಲಿ ತಂಗಿಯ ಫೋನು:
"ಗೆದ್ರಂತೆ! ರೇಡಿಯೋದಲ್ಲಿ ಇಡೀ ಮೊಜಾಂಬಿಕಿಗೇ ಹೇಳಿದ್ರು."
"ಹೂಂ."
"ಹಾಗಾದ್ರೆ ಈಗ?"
ಸಿಗ್ನಲ್ ಇರಲಿಲ್ಲ ಅಂತ ಆಮೇಲೆ ಹೇಳಬಹುದು.

ನಮ್ಮ ಮಾತಿನಲ್ಲಿ ಕೆಲಸ ಮುಗಿಯುತ್ತದೆ,
ಸಂಜೆಗೆ ತಾವರೆ ಮುಗಿಯುತ್ತದೆ,
ನಾವು ಕೈ ಮುಗಿಯುತ್ತೇವೆ. ಒಂದೇ ಪದ.
ಅವಳ ಮಾತಿನಲ್ಲಿ ಹೇಗೋ, ನಾನರಿಯೆ.

ಅವಳು ಯಾರಿಗೂ ಹೇಳದ ಸಂಗತಿಯೊಂದಿದೆ.
ಹೋದ ಮಂಗಳವಾರ, ಡೇರೆಯಲ್ಲಿ, ನಿದ್ದೆ ಬಾರದೆ,
ತಂಗಿಯ ನರ್ಸಿಂಗ್ ಫೀಸು, ಅರ್ಧಕ್ಕೆ ನಿಂತ ತಗಡಿನ ಸೂರು
ಲೆಕ್ಕ ಹಾಕುತ್ತ ಹಾಕುತ್ತ
ಒಂದೇ ಒಂದು ಇನ್ನೂ ಉಳಿದಿರಲಿ ಅಂದುಕೊಂಡಳು.
ಒಂದೇ. ಯಾರೂ ತುಳಿಯದ ಮೂಲೆಯಲ್ಲಿ.
ಅಂದುಕೊಂಡದ್ದೇ ಮೈ ತಣ್ಣಗಾಯಿತು.
ಬೆಳಕು ಹರಿಯುತ್ತಲೇ ಎದ್ದು
ತಾನೇ ಶುದ್ಧವೆಂದು ಬರೆದಿದ್ದ ಓಣಿಯನ್ನು
ಮೊದಲಿನಿಂದ, ಅಂಗುಲ ಅಂಗುಲ, ಮತ್ತೆ ಹುಡುಕಿದಳು,
ಇರಲೆಂದೋ ಇರದಿರಲೆಂದೋ
ಕೈಗೇ ತಿಳಿಯಲಿಲ್ಲ.
ಸಿಕ್ಕಿದ್ದು ಅಂಗಿಯದೊಂದು ಹಿತ್ತಾಳೆ ಗುಂಡಿ.

ತೆಗೆದ ಬಾಂಬುಗಳ ಲೆಕ್ಕ ಬೋರ್ಡಿನ ಮೇಲಿದೆ.
ಉಳಿದ ಕಾಲುಗಳಿಗೆ ಲೆಕ್ಕವಿಲ್ಲ.
ಮುಂದೊಂದು ದಿನ ಇಲ್ಲಿ ಎಡವಿ ಬಿದ್ದು
ಮಂಡಿ ತರಚಿಕೊಂಡ ಮಗು
ಯಾರನ್ನೂ ನೆನೆಯುವುದಿಲ್ಲ. ಸುಮ್ಮನೆ ಅಳುತ್ತದೆ.

ಕೊನೆಗೆ ಎಲ್ಲರೂ ಕೈಕೈ ಹಿಡಿದು
ಈ ತುದಿಯಿಂದ ಆ ತುದಿಗೆ ಹೊಲ ದಾಟಿದರು,
ಊರಿಗೆ ನಂಬಿಕೆ ಬರಲೆಂದು.
ಅಧಿಕಾರಿಯ ಪಾಲಿಶ್ ಬೂಟು, ಅಡುಗೆಯವಳ ಬರಿಗಾಲು.
ಡೆಲ್ಫೀನಾಳಿಗೆ ನಿಂತು ನಡೆಯುವುದೇ ಕಷ್ಟ:
ನೆಲ ಇಷ್ಟು ದೂರ ಇತ್ತೇ?

ಹೊಲದೊಡತಿ ಝುಲ್ಮೀರಾ ಅಜ್ಜಿ ಮಾತ್ರ ಬರಲಿಲ್ಲ.
ಕಾಗದಕ್ಕೆ ಹೆಬ್ಬೆಟ್ಟು ಒತ್ತಿ,
ಕಿತ್ತಿಟ್ಟ ಕೆಂಪು ಗೂಟಗಳ ರಾಶಿಯಲ್ಲಿ
ಗಟ್ಟಿಯಾದ ಒಂದನ್ನು ಆರಿಸಿ
ಅಂಚಿನಲ್ಲಿ ಬಡಿದು ಆಡು ಕಟ್ಟಿದಳು.
ಹಗ್ಗ ಉದ್ದವಿತ್ತು.
ಆಡು ನೆಟ್ಟಗೆ ನಡುಹೊಲಕ್ಕೆ ಹೋಗಿ ಬಾಯಿ ಹಾಕಿತು.
ಅಜ್ಜಿ ಕೊಡ ಹೊತ್ತು ಬಾವಿಗೆ ಹೊರಟಳು,
ಇಪ್ಪತ್ತೆರಡು ವರ್ಷದಿಂದ ಹೋಗುತ್ತಿದ್ದ ಹಾಗೆಯೇ,
ಇಡೀ ಹೊಲವನ್ನು ಸುತ್ತಿಕೊಂಡು,
ತಾನೇ ಸವೆಸಿದ ಬಿಳಿಯ ಕಾಲುದಾರಿಯಲ್ಲಿ.

"ಅಜ್ಜೀ, ಅಡ್ಡ ಹಾಯಬಹುದು ಈಗ," ಕೂಗಿದಳು ಡೆಲ್ಫೀನಾ.
"ಗೊತ್ತು ಮಗಳೇ," ಅಂದಳು ಅಜ್ಜಿ, ತಿರುಗದೆ.
"ನನಗೆ ಗೊತ್ತು. ಕಾಲಿಗೆ ಹೇಳಬೇಕು."